ಅರ್ಧಮ್ಮ ಗಿಟಾರು ಕೊಂಡದ್ದು

ದೊಡ್ಡಾಸ್ಪತ್ರೆಯ ಅಡುಗೆಮನೆಗೆ ತರಕಾರಿ ಕೊಳ್ಳುತ್ತ ಕೊಳ್ಳುತ್ತಲೇ ಕೂದಲು ನೆರೆತ ಆ ಹೆಂಗಸನ್ನು ಸಗಟು ಮಾರುಕಟ್ಟೆಯವರೆಲ್ಲ ಅರ್ಧಮ್ಮ ಎಂದು ಕರೆಯುತ್ತಿದ್ದರು. ಯಾರು ಏನೇ ಬೆಲೆ ಹೇಳಲಿ, ಆಕೆಯ ಬಾಯಿಂದ ಮೊದಲು ಬರುತ್ತಿದ್ದದ್ದು ಅದರ ಅರ್ಧ. ಆಲೂಗಡ್ಡೆ ಮೂಟೆಯವನು ಆಕೆಯನ್ನು ದೂರದಿಂದ ಕಂಡರೆ ಸಾಕು, ಬೆಲೆಯನ್ನು ಮೊದಲೇ ದುಪ್ಪಟ್ಟು ಮಾಡಿಟ್ಟುಕೊಳ್ಳುತ್ತಿದ್ದ. ಅದು ಆಕೆಗೂ ಗೊತ್ತಿತ್ತು. ಅವನ ಹತ್ತಿರ ಮಾತ್ರ ಕಾಲು ಭಾಗದಿಂದ ಶುರು ಮಾಡುತ್ತಿದ್ದಳು. ನಿವೃತ್ತಿಯಾಗಿ ಮಗಳ ಮನೆ ಸೇರಿದ ಮೇಲೂ ಚಟ ಬಿಡಲಿಲ್ಲ. ಒಮ್ಮೆ ತುಂಬಿದ ಬಸ್ಸಿನಲ್ಲಿ ಕಂಡಕ್ಟರನಿಗೆ "ನಿಂತ್ಕೊಂಡೇ ಬರ್ತಿದ್ದೀನಲ್ಲಪ್ಪ, ಸೀಟಿನ ದುಡ್ಡು ಬಿಟ್ಕೋ" ಎಂದು ಹೇಳಿ ಇಡೀ ಬಸ್ಸನ್ನು ನಗಿಸಿದ್ದಳು.

ಅಳಿಯ ಇದಕ್ಕೆ ತದ್ವಿರುದ್ಧ. ಲಿಫ್ಟ್ ರಿಪೇರಿ ಅವನ ಕೆಲಸ. ಎತ್ತರದ ಕಟ್ಟಡಗಳ ಕತ್ತಲ ಬಾವಿಯಂಥ ಜಾಗದಲ್ಲಿ ಹಗ್ಗ ಹಿಡಿದು ನೇತಾಡಲು ಅಂಜದವನು ಅಂಗಡಿಯವನ ಮುಂದೆ ನಿಂತರೆ ನಾಲಿಗೆ ಹೊರಳದೆ ಒದ್ದಾಡುತ್ತಿದ್ದ. ಕೇಳಿದಷ್ಟು ಕೊಟ್ಟು ಬರುವುದೇ ರೂಢಿ. ಒಂದು ಸಲ ಕೊಡೆ ಮಾರುವವನು ತಾನಾಗಿಯೇ ಬೆಲೆ ಇಳಿಸಿದಾಗ "ಬೇಡಪ್ಪ, ನಿಮಗೆ ನಷ್ಟ ಆಗತ್ತೆ" ಎಂದು ಪೂರ್ತಿ ಕೊಟ್ಟು ಬಂದಿದ್ದ. ಆ ಕತೆಯನ್ನು ಅತ್ತೆ ನೆಂಟರಿಷ್ಟರಿಗೆಲ್ಲ ಹೇಳಿ ಮುಗಿಸಿಯಾಗಿತ್ತು.

ಅವನಿಗೆ ನಲವತ್ತು ದಾಟಿದ ಮೇಲೆ ಗಿಟಾರಿನ ಆಸೆ ಹುಟ್ಟಿತು. ಅವನು ಕೆಲಸಕ್ಕೆ ಹೋಗುತ್ತಿದ್ದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಯಾರೋ ದಿನವೂ ನುಡಿಸುತ್ತಿದ್ದರು. ಲಿಫ್ಟ್ ಸರಿಹೋದ ಮೇಲೂ ಅವನು ಸ್ಪ್ಯಾನರುಗಳನ್ನು ಮತ್ತೆ ಮತ್ತೆ ಒರೆಸುತ್ತ ಅಲ್ಲೇ ಕೂತಿರುತ್ತಿದ್ದ. ಕೊನೆಗೊಂದು ದಿನ ಹೆಂಡತಿಯ ಹತ್ತಿರ ನಾಚುತ್ತ ಬಾಯಿ ಬಿಟ್ಟ. ಅವಳು ನಗಲಿಲ್ಲ. "ಕಲೀರಿ, ಯಾರು ಬೇಡ ಅಂದ್ರು? ಆದ್ರೆ ಒಬ್ರೇ ಹೋಗ್ಬೇಡಿ. ಒಬ್ರೇ ಹೋದ್ರೆ ಅಂಗಡಿಯವನ ಬಾಡಿಗೇನೂ ಕಟ್ಟಿ ಬರ್ತೀರ. ಅಮ್ಮನ್ನ ಕರ್ಕೊಂಡು ಹೋಗಿ," ಎಂದಳು.

ಅರ್ಧಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ದಾರಿಯುದ್ದಕ್ಕೂ ಪಾಠ ನಡೆಯಿತು. "ನೋಡಿ ಅಳಿಯಂದಿರೇ, ಬೇಕಾಗಿರೋದನ್ನ ನೋಡ್ಲೇಬಾರ್ದು. ಅದರ ಪಕ್ಕದ್ದನ್ನ ನೋಡ್ಬೇಕು. ಚೆನ್ನಾಗಿದೆ ಅನ್ನೋ ಮಾತು ಬಾಯಲ್ಲಿ ಬರಬಾರ್ದು. ಬೆಲೆ ಕೇಳಿದ ತಕ್ಷಣ ಹಲ್ಲುನೋವು ಬಂದೋರ ಥರ ಮುಖ ಕಿವುಚ್ಕೋಬೇಕು. ಅದಕ್ಕೂ ಬಗ್ಗದಿದ್ರೆ ಎದ್ದು ಹೊರಟುಬಿಡೋದು, ಹಿಂದೆ ತಿರುಗಿ ನೋಡಬಾರ್ದು. ಅವರೇ ಕೂಗ್ತಾರೆ. ಕೂಗದೇ ಇರೋನು ಇನ್ನೂ ಹುಟ್ಟಿಲ್ಲ."

"ನೀವೇ ಮಾತಾಡಿ ಅತ್ತೆ. ನಾನು ಸುಮ್ನೆ ನಿಂತಿರ್ತೀನಿ."

"ನಿಂತಿರಿ. ಆದ್ರೆ ಹಲ್ಲು ಬಿಡ್ಕೊಂಡು ನಿಲ್ಬೇಡಿ."

ಅಂಗಡಿ ಚಪ್ಪಲಿ ಹೊಲಿಯುವವನ ಮಳಿಗೆಗೂ ಬೀಗದ ಕೈ ಮಾಡುವವನ ಮಳಿಗೆಗೂ ನಡುವೆ ಸಿಕ್ಕಿಕೊಂಡಿತ್ತು. ಅಗಲ ಕಡಿಮೆ, ಉದ್ದ ಜಾಸ್ತಿ. ಎರಡೂ ಗೋಡೆಗಳ ತುಂಬ ಗಿಟಾರುಗಳು ಕುತ್ತಿಗೆಯಿಂದ ನೇತಾಡುತ್ತಿದ್ದವು. ಒಳಗೆ ಮರದ ಪುಡಿ, ವಾರ್ನಿಷ್ ಬೆರೆತ ವಾಸನೆ. ಗುಂಡು ಸ್ಟೂಲಿನ ಮೇಲೆ ಗುಂಡಗೇ ಇದ್ದ ಯಜಮಾನ ಕೂತು, ತೊಡೆಯ ಮೇಲಿನ ಗಿಟಾರಿಗೆ ತಂತಿ ಬಿಗಿಯುತ್ತಿದ್ದ. ಎಡಗೈ ಉಗುರುಗಳನ್ನೆಲ್ಲ ಬುಡಕ್ಕೇ ಕತ್ತರಿಸಿಕೊಂಡಿದ್ದ, ತಂತಿ ಮೀಟುವ ಬಲಗೈಯವು ಮಾತ್ರ ಹೆಂಗಸರ ಉಗುರಿನಂತೆ ನೀಳವಾಗಿ ಬೆಳೆದಿದ್ದವು. ಅರ್ಧಮ್ಮ ಅದನ್ನು ನೋಡಿ ಅಳಿಯನ ಕಿವಿಯಲ್ಲಿ, "ಉಗುರು ಕತ್ತರಿಸೋದ್ರಲ್ಲೂ ಅರ್ಧ ಕೆಲಸ ಮಾಡಿದ್ದಾನೆ. ನಮ್ಮ ಜಾತಿಯೋನೇ," ಎಂದಳು.

ಅಳಿಯ ಒಳಗೆ ಕಾಲಿಟ್ಟ ಕ್ಷಣವೇ ಎಡಗೋಡೆಯ ಕಪ್ಪು ಗಿಟಾರಿನ ಮೇಲೆ ಕಣ್ಣು ನೆಟ್ಟು ಹಲ್ಲು ಬಿಟ್ಟುಕೊಂಡು ನಿಂತುಬಿಟ್ಟ. ಪಾಠವೆಲ್ಲ ನೀರಿನಲ್ಲಿ ಹೋಮ. ಯಜಮಾನ ಅದನ್ನೇ ಇಳಿಸಿ ಅವನ ಕೈಗಿತ್ತು, "ಹದಿನಾರು ಸಾವಿರ ಸಾರ್," ಎಂದ.

"ಎಂಟು," ಎಂದಳು ಅರ್ಧಮ್ಮ, ಗೋಡೆಯ ಕಡೆ ನೋಡುತ್ತ.

ಯಜಮಾನ ಮತ್ತೆ ಸ್ಟೂಲಿನಲ್ಲಿ ಕೂತು, ತೊಡೆಯ ಮೇಲಿದ್ದ ಗಿಟಾರಿನಲ್ಲಿ ಎರಡು ಸ್ವರ ಮೀಟಿದ. ಯಾರೋ ಮನೆಬಿಟ್ಟು ಹೋದಾಗ ಹಿಂದೆ ಉಳಿದವರು ನಿಟ್ಟುಸಿರು ಬಿಟ್ಟಂತಿತ್ತು ಅದು.

"ಇದೇನು, ಉತ್ತರಾನ?"

"ನಿಮ್ಮ ಬೆಲೆ ಕೇಳಿ ಅದಕ್ಕೆ ಬೇಜಾರಾಯ್ತಂತೆ ಅಮ್ಮಾ. ಹದಿನೈದು ಮಾಡ್ಕೊಳಿ."

"ಎಂಟೂವರೆ."

ಯಜಮಾನ ಇನ್ನೊಂದು ನಿಟ್ಟುಸಿರು ನುಡಿಸಿದ, ಈ ಸಲ ಮೊದಲಿಗಿಂತ ಉದ್ದದ್ದು. ಅಳಿಯನ ಕಣ್ಣು ಒದ್ದೆಯಾದವು. ಪೂರ್ತಿ ಹದಿನಾರು ಕೊಟ್ಟುಬಿಡೋಣ ಅನ್ನಿಸಿತು. ಅರ್ಧಮ್ಮ ಜಗ್ಗಲಿಲ್ಲ. ಕಲ್ಲಂಗಡಿ ಕೊಳ್ಳುವಾಗ ಮಾಡುವಂತೆ ಕಪ್ಪು ಗಿಟಾರಿನ ಬೆನ್ನನ್ನು ಬೆರಳಿನಿಂದ ಟಕಟಕ ತಟ್ಟಿದಳು. ಮುಂದುಗಡೆ ತಿರುಗಿಸಿ, ನಡುವಿನ ದುಂಡು ತೂತಿನೊಳಗೆ ಕೈ ತೂರಿಸಿ, ಅಲ್ಲಾಡಿಸಿ ತೋರಿಸಿದಳು.

"ನೋಡಪ್ಪ, ಇಷ್ಟು ದೊಡ್ಡ ತೂತಿದೆ. ಒಳಗೆ ಪೂರ್ತಿ ಖಾಲಿ. ತೂತುಬಿದ್ದ ಮಾಲಿಗೆ ಪೂರಾ ಬೆಲೆ ಹೇಳೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು?"

ಯಜಮಾನ ಬಿದ್ದು ಬಿದ್ದು ನಕ್ಕ. ಇಷ್ಟು ವರ್ಷದ ವ್ಯಾಪಾರದಲ್ಲಿ ಹಾಗೆ ಯಾರೂ ಕೇಳಿರಲಿಲ್ಲವಂತೆ. ನಗು ನಿಂತ ಮೇಲೆ ಎದ್ದು, ತನ್ನ ಸ್ಟೂಲನ್ನೇ ಆಕೆಗೆ ಕೊಟ್ಟ. "ಆ ತೂತು ಯಾಕಿದೆ ಅಂತ ನಾನು ಹೇಳಿದ್ರೆ ನೀವು ನಂಬಲ್ಲ. ಕೂತ್ಕೊಳಿ ಅಮ್ಮಾ. ಇದನ್ನ ಹೀಗೆ ಅವಚಿ ಹಿಡ್ಕೊಳಿ." ತಾನು ಅದುವರೆಗೆ ನುಡಿಸುತ್ತಿದ್ದ ಜೇನು ಬಣ್ಣದ ಹಳೆಯ ಗಿಟಾರನ್ನು ಆಕೆಯ ಮಡಿಲಿಗಿಟ್ಟ. "ಈಗ ಹೆಬ್ಬೆರಳನ್ನ ಮೇಲಿಂದ ಕೆಳಕ್ಕೆ ಸುಮ್ನೆ ಎಳೀರಿ."

ಅರ್ಧಮ್ಮ ಎಳೆದಳು.

ಸದ್ದು ಕಿವಿಗೆ ಬರುವ ಮೊದಲೇ ಎದೆಗೆ ಬಂತು. ಮರ ನಡುಗಿ, ಆ ನಡುಕ ಪಕ್ಕೆಲುಬಿನೊಳಗೆ ಇಳಿದು, ಹೊಟ್ಟೆಯವರೆಗೂ ಹೋಗಿ ನಿಧಾನವಾಗಿ ಕರಗಿತು. ಆಕೆ ಬೆರಗಾಗಿ ಕೈಯನ್ನೇ ನೋಡಿಕೊಂಡಳು. ಆಯುಸ್ಸೆಲ್ಲ ಆಕೆ ಮುಟ್ಟಿದ ವಸ್ತುಗಳೆಂದರೆ ಬೇಗ ಕೊಳೆಯುವಂಥವು, ಇಲ್ಲವೇ ತೂಗುವಂಥವು. ಮುಟ್ಟಿದರೆ ತಿರುಗಿ ಮಾತಾಡಿದ್ದು ಇದೊಂದೇ. ಇನ್ನೊಂದು ಸಲ ಎಳೆದಳು. ಮತ್ತೊಂದು ಸಲ. ಆಮೇಲೆ ಕೆನ್ನೆಯನ್ನು ಗಿಟಾರಿನ ಹೆಗಲಿಗೆ ಒತ್ತಿ, ಕಣ್ಣುಮುಚ್ಚಿ ಎಳೆದಳು. ತೆರೆದಾಗ ಕಣ್ಣು ತುಂಬಿ ಬಂದಿದ್ದವು.

"ಚೆನ್ನಾಗಿದೆ," ಎಂದಳು.

ಅಳಿಯ ಸರಕ್ಕನೆ ಆಕೆಯ ಕಡೆ ತಿರುಗಿದ. ಅತ್ತೆಯ ಬಾಯಲ್ಲಿ, ಅದೂ ಅಂಗಡಿಯೊಳಗೆ, ಈ ಮಾತನ್ನು ಅವನು ಕೇಳಿಯೇ ಇರಲಿಲ್ಲ.

"ಇದೆಷ್ಟಪ್ಪ?" ಎಂದು ಆಕೆ ಮಗುವಿನ ದನಿಯಲ್ಲಿ ಕೇಳಿದಳು.

"ಹನ್ನೆರಡು ಸಾವಿರ ಅಮ್ಮಾ. ಹಳೇದು. ಒಳ್ಳೆಯೋರ ಕೈಲಿ ಪಳಗಿದ್ದು."

"ಹನ್ನೆರಡು," ಎಂದು ಆಕೆ ತಲೆಯಾಡಿಸಿ, ಸೊಂಟದ ಪರ್ಸಿಗೆ ಕೈ ಹಾಕಿದಳು.

ಮುಂದಿನದು ಹೇಗಾಯಿತೆಂದು ಅಳಿಯನಿಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಬಾಯಿ ತಾನಾಗಿಯೇ ತೆರೆಯಿತು. "ಆರು!" ಎಂದ. ಎಷ್ಟು ಜೋರಾಗಿ ಎಂದರೆ ಗೋಡೆಯ ಗಿಟಾರುಗಳೆಲ್ಲ ಒಮ್ಮೆ ಸಣ್ಣಗೆ ಗುಂಯ್ ಎಂದವು.

ಯಜಮಾನ ಬೆಚ್ಚಿಬಿದ್ದ. ಅರ್ಧಮ್ಮ ಅದಕ್ಕಿಂತ ಹೆಚ್ಚು ಬೆಚ್ಚಿಬಿದ್ದಳು. "ಅಳಿಯಂದಿರೇ! ಆರು ಅಂದ್ರೆ ಅನ್ಯಾಯ ಅಲ್ವಾ? ಪಾಪ, ಅವರೂ ಬದುಕ್ಬೇಕು."

"ಅತ್ತೆ, ನೀವು ಸುಮ್ನಿರಿ." ಅದನ್ನೂ ತಾನೇ ಅಂದದ್ದು ಎಂದು ಅವನಿಗೆ ನಂಬಲಾಗಲಿಲ್ಲ. ಮದುವೆಯಾದಂದಿನಿಂದ ಆಕೆಯ ಚೀಲ ಹೊತ್ತು ಮಾರುಕಟ್ಟೆ ಸುತ್ತಿದ್ದನಲ್ಲ, ಆ ಮಾತುಗಳೆಲ್ಲ ಹೊಟ್ಟೆಯಲ್ಲಿ ಉಳಿದುಕೊಂಡಿದ್ದವೆಂದು ಕಾಣುತ್ತದೆ. ಒಂದರ ಹಿಂದೊಂದು ಈಚೆಗೆ ಬಂದವು. "ಏನು ಯಜಮಾನ್ರೇ, ಮೊದಲ ಸಲ ಬಂದೋರಿಗೆ ಹೀಗಾ ಹೇಳೋದು? ನೆನ್ನೆ ಬಂದ ಮಾಲಾ ಇದು? ಇಲ್ಲಿ ಗೀಚಿದೆ, ಅಲ್ಲಿ ಬಾಡಿದೆ!"

"ಬಾಡಿದೆಯಾ?"

"ಅಂದ್ರೆ... ಬಣ್ಣ. ಬಣ್ಣ ಬಾಡಿದೆ."

"ಎಲ್ಲಿ ಬಾಡಿದೆ? ಎಷ್ಟು ಮುದ್ದಾಗಿದೆ," ಎಂದು ಅರ್ಧಮ್ಮ ಗಿಟಾರನ್ನು ಸೀರೆಯ ಸೆರಗಿನಿಂದ ಒರೆಸಿದಳು.

ಯಜಮಾನ ಹನ್ನೊಂದಕ್ಕೆ ಇಳಿದ. ಅಳಿಯ ಆರೂವರೆಗೆ ಹತ್ತಿದ. ಹತ್ತೂವರೆ, ಏಳು. ಹತ್ತಕ್ಕೆ ಬಂದು ಯಜಮಾನ ಕೈಕಟ್ಟಿ ನಿಂತ. ಇನ್ನು ಕೊನೆಯ ಅಸ್ತ್ರ ಎಂದುಕೊಂಡು ಅಳಿಯ ಎದೆ ಸೆಟೆಸಿ, "ಹಾಗಾದ್ರೆ ಬೇಡ ಬಿಡಿ. ಬನ್ನಿ ಅತ್ತೆ, ಬೇರೆ ಕಡೆ ನೋಡೋಣ," ಎಂದು ಹೇಳಿ, ಬೀದಿಗಿಳಿದು, ಹಿಂದೆ ತಿರುಗಿ ನೋಡದೆ ನಡೆದ. ಚಪ್ಪಲಿ ಹೊಲಿಯುವವನನ್ನು ದಾಟಿದ. ಮೂಲೆಯ ಹಣ್ಣಿನ ಗಾಡಿಯನ್ನೂ ದಾಟಿದ. ಯಾರೂ ಕೂಗಲಿಲ್ಲ. ತಡೆಯಲಾರದೆ ತಿರುಗಿ ನೋಡಿದರೆ ಹಿಂದೆ ಅತ್ತೆಯೂ ಇಲ್ಲ.

ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದ. ಅರ್ಧಮ್ಮ ಸ್ಟೂಲಿನಿಂದ ಅಲುಗಾಡಿರಲಿಲ್ಲ. ಯಜಮಾನ ನೆಲದ ಮೇಲೆ ಕೂತು ಆಕೆಯ ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಇರಿಸುತ್ತಿದ್ದ. "ಬಂದ್ರಾ? ಸದ್ದು ಮಾಡ್ಬೇಡಿ, ಇದೀಗ ಸಿಗ್ತಾ ಇದೆ," ಎಂದಳು ಆಕೆ.

ಅಳಿಯನಿಗೆ ನಗು ಉಕ್ಕಿತು. ಚೌಕಾಸಿ ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ಯಜಮಾನ್ರೇ, ನಮ್ಮತ್ತೆ ಜನ್ಮವೆಲ್ಲ ಬೇರೆಯವರಿಗೋಸ್ಕರ ಚೌಕಾಸಿ ಮಾಡಿದ್ದಾರೆ. ರೋಗಿಗಳ ತಟ್ಟೆಗೆ ಇನ್ನೊಂದು ಹಿಡಿ ಜಾಸ್ತಿ ಬೀಳ್ಲಿ ಅಂತ. ತನಗೆ ಅಂತ ಏನನ್ನೂ ಆಸೆಪಟ್ಟು ಕೊಂಡಿದ್ದನ್ನ ನಾನು ನೋಡಿಲ್ಲ. ಇವತ್ತು ಅವರಿಗೆ ಮಾಡೋಕಾಗ್ತಿಲ್ಲ, ಅದಕ್ಕೆ ನಾನು ಮಾಡ್ತಿದ್ದೀನಿ. ನಂಗೆ ಬರಲ್ಲ. ನೀವೇ ನೋಡಿ ಹೇಳಿ."

ಯಜಮಾನ ಅರ್ಧಮ್ಮನನ್ನು ನೋಡಿದ. ಆಕೆ ಹುಬ್ಬು ಗಂಟಿಕ್ಕಿ, ನಾಲಿಗೆ ತುದಿ ಹೊರಗೆ ಹಾಕಿ ತಂತಿ ಒತ್ತುತ್ತಿದ್ದಳು.

"ಎಂಟು ಕೊಡಿ," ಎಂದ. "ಭಾನುವಾರ ಬೆಳಿಗ್ಗೆ ಪಾಠ ಮಾಡ್ತೀನಿ. ಅದಕ್ಕೂ ಬರ್ಬೇಕು."

ಅರ್ಧಮ್ಮ ತನ್ನ ಪರ್ಸಿನಿಂದಲೇ ದುಡ್ಡು ಎಣಿಸಿದಳು. ಅಳಿಯ ಕೊಡುತ್ತೇನೆಂದರೆ ಕೈ ತಳ್ಳಿದಳು. ಗಿಟಾರು ಚೀಲದೊಳಗೆ ಹೋಗಿ ಜಿಪ್ ಎಳೆದ ಮರುಕ್ಷಣ ಆಕೆಗೆ ಪ್ರಜ್ಞೆ ಮರಳಿತು. "ಅಲ್ಲಪ್ಪ, ಈ ಚೀಲಕ್ಕೆ ಬೇರೆ ದುಡ್ಡು ಇಲ್ಲ ತಾನೇ? ಒಂದು ಜೊತೆ ತಂತಿ ಹಾಕು ಮತ್ತೆ. ಆ ಬಟ್ಟೇನೂ ಹಾಕು, ಒರೆಸ್ಕೊಳ್ಳೋಕೆ." ಯಜಮಾನ ನಗುತ್ತ ಎಲ್ಲವನ್ನೂ ಹಾಕಿದ.

ಬಸ್ಸಿನಲ್ಲಿ ಇಬ್ಬರೂ ಸ್ಕೂಲು ಬಿಟ್ಟ ಮಕ್ಕಳಂತೆ ಮಾತಾಡಿದರು. ಬಾಡಿದ ಗಿಟಾರನ್ನು ನೆನೆದು ಅರ್ಧಮ್ಮ ಉಸಿರುಗಟ್ಟುವಷ್ಟು ನಕ್ಕಳು. ಕಂಡಕ್ಟರ್ ಬಂದ. ಅಳಿಯ ಟಿಕೆಟಿಗೆಂದು ಜೇಬಿಗೆ ಕೈ ಹಾಕಿದರೆ ನೋಟು ತುಂಬಿದ ದಪ್ಪನೆಯ ಲಕೋಟೆ ಸಿಕ್ಕಿತು. ಅದನ್ನು ಹೊರಗೆ ತೆಗೆದು, ಇದೇನು ಎಂಬಂತೆ ನೋಡಿದ.

"ಅಯ್ಯೋ ನನ್ನಪ್ಪ," ಎಂದು ಅರ್ಧಮ್ಮ ತಲೆ ಚಚ್ಚಿಕೊಂಡಳು. "ನಿಮ್ಮ ಗಿಟಾರು!"

ಹೌದು, ಹೋದದ್ದೇ ಅದಕ್ಕೆ. ಇಬ್ಬರಿಗೂ ಪೂರ್ತಿ ಮರೆತುಹೋಗಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದರು. ಬಸ್ಸಿಗೆ ಕಾಯುವ ತಾಳ್ಮೆ ಯಾರಿಗಿತ್ತು? ಅರ್ಧಮ್ಮ ಗಿಟಾರನ್ನು ಬೆನ್ನಿಗೇರಿಸಿ ಮುಂದೆ, ಅಳಿಯ ಹಿಂದೆ, ಇಬ್ಬರೂ ಬಿರಬಿರನೆ ನಡೆದು ಹೋದರು. ಯಜಮಾನ ಕಪ್ಪು ಗಿಟಾರನ್ನು ಆಗಷ್ಟೇ ಗೋಡೆಗೆ ನೇತುಹಾಕಿ ಚಹಾ ಕುಡಿಯುತ್ತಿದ್ದ. ಬಾಗಿಲಲ್ಲಿ ಇವರನ್ನು ಕಂಡು ಲೋಟ ಕೆಳಗಿಟ್ಟ.

"ವಾಪಸ್ಸು ತಗೊಳ್ಳಲ್ಲ!"

"ವಾಪಸ್ಸು ಕೊಡೋರ್ಯಾರು?" ಅರ್ಧಮ್ಮ ಒಳಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಪ್ಪು ಗಿಟಾರಿನ ಪಕ್ಕದ್ದನ್ನು ದಿಟ್ಟಿಸಿದಳು. "ನಾವೀಗ ಹೊಸಬರಲ್ಲ, ಖಾಯಂ ಗಿರಾಕಿಗಳು. ಒಂದೇ ಮನೆಗೆ ಎರಡು ಅಂದ್ರೆ ಸಗಟು ವ್ಯಾಪಾರ. ಸಗಟು ಬೆಲೆ ಹೇಳು."

"ಅಮ್ಮಾ, ಆಗ ಇಲ್ಲಿ ಕಣ್ಣೀರು ಹಾಕ್ಕೊಂಡು ಕೂತಿದ್ರಲ್ಲ, ಅವರು ನೀವೇನಾ?"

"ಅದು ನನ್ನ ಗಿಟಾರಿಗೆ. ಇದು ನಮ್ಮ ಅಳಿಯಂದಿರದ್ದು. ಎಂಟು."

ಯಜಮಾನ ನಿಟ್ಟುಸಿರು ನುಡಿಸಲೆಂದು ತೊಡೆಯ ಕಡೆ ಕೈ ಒಯ್ದ. ಅಲ್ಲಿ ಗಿಟಾರಿರಲಿಲ್ಲ, ಅರ್ಧಮ್ಮನ ಬೆನ್ನ ಮೇಲಿತ್ತು. ಆಯುಧವಿಲ್ಲದವನು ಎಷ್ಟು ಹೊತ್ತು ತಾಳಿಯಾನು? ಆಕೆ ಗಿಟಾರಿನ ತೂತನ್ನು ಬೈದಳು, ಕಪ್ಪು ಬಣ್ಣಕ್ಕೆ ಧೂಳು ಎದ್ದು ಕಾಣುತ್ತದೆಂದು ಬೈದಳು, ಆರು ತಂತಿಗಳಲ್ಲಿ ಎರಡಂತೂ ತೀರ ಸಣ್ಣವೆಂದು ಬೈದಳು. ಪಕ್ಕದ ಮಳಿಗೆಗಳವರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಅಳಿಯ ಈ ಸಲ ಹಲ್ಲು ಬಿಡದೆ, ಮುಖ ಕಿವುಚಿಕೊಂಡು, ಅತ್ತೆಯ ಪಕ್ಕದಲ್ಲಿ ಗಟ್ಟಿಯಾಗಿ ನಿಂತ. ಹತ್ತೂವರೆಗೆ ಕೈಕುಲುಕಿದಾಗ ಬೀಗದ ಕೈಯವನು ಚಪ್ಪಾಳೆ ತಟ್ಟಿದ. ಸೋತ ಯಜಮಾನನ ಮುಖದಲ್ಲೇ ಎಲ್ಲರಿಗಿಂತ ಹೆಚ್ಚು ಸಂತೋಷವಿತ್ತು. ಇನ್ನೆರಡು ಚಹಾ ತರಿಸಿದ.

ಒಂದು ಗಿಟಾರು ತರಲು ಹೋದವರು ಎರಡು ಹೊತ್ತು ಬಂದದ್ದನ್ನು ಕಂಡು ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮಾ, ನಿನ್ನ ಕಳಿಸಿದ್ದು ದುಡ್ಡು ಉಳಿಸೋಕೆ."

"ಉಳಿಸಿದ್ದೀವಿ. ಎರಡೆರಡು ಸಲ ಉಳಿಸಿದ್ದೀವಿ," ಎಂದ ಗಂಡ. ಮಗಳು ಇಬ್ಬರ ಮುಖವನ್ನೂ ನೋಡಿದಳು. ದಾರಿ ಬಿಟ್ಟಳು.

ಮೊದಲ ಕೆಲವು ವಾರ ಮನೆಯಲ್ಲಿ ಕೇಳಿಸಿದ್ದನ್ನು ಸಂಗೀತವೆಂದು ಯಾರೂ ಕರೆಯುವಂತಿರಲಿಲ್ಲ. ಬೆರಳ ತುದಿ ಸುಲಿದವು, ಆಮೇಲೆ ಗಟ್ಟಿಯಾದವು. ಭಾನುವಾರದ ಪಾಠಕ್ಕೆ ಅತ್ತೆ ಅಳಿಯ ಇಬ್ಬರೂ ತಪ್ಪಿಸಲಿಲ್ಲ. ಕಲಿಯುವುದರಲ್ಲಿ ಅತ್ತೆಯದೇ ಒಂದು ಕೈ ಮೇಲು. ಮನೆಯೊಳಗೆ ನುಡಿಸಲು ಮಗಳ ತಕರಾರಿದ್ದುದರಿಂದ ಇಬ್ಬರೂ ಬಾಗಿಲ ಹೊರಗೆ, ಎಲ್ಲ ಮಹಡಿಗಳ ಮನೆಯವರೂ ಓಡಾಡುವ ಮೆಟ್ಟಿಲು ಹುಡುಕಿಕೊಂಡರು. ಅಲ್ಲಿ ಸದ್ದು ಗೋಡೆಗೆ ಬಡಿದು ಕೆಳಗಿನಿಂದ ಮೇಲಿನವರೆಗೂ ದುಂಡಗೆ ಏರುತ್ತಿತ್ತು.

ಒಂದು ಸಂಜೆ ಅವರು ಕಲಿತ ಮೊದಲ ಹಾಡು ಎಲ್ಲೂ ಮುಗ್ಗರಿಸದೆ ಕೊನೆ ಮುಟ್ಟಿತು. ಮುಗಿದ ಮೇಲೆ ಇಬ್ಬರೂ ತಂತಿಯಿಂದ ಕೈ ಎತ್ತಿದರು. ಮೇಲಿನ ಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು, ಕೆಳಗೆ ಇನ್ನೊಂದು. ಅಲ್ಲಿಂದ ಯಾರೋ, "ನಿಲ್ಲಿಸ್ಬೇಡಿ, ಇನ್ನೊಂದ್ಸಲ," ಎಂದರು. ಮಗಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಅಮ್ಮನಿಗೂ ಗಂಡನಿಗೂ ನಡುವೆ ಜಾಗ ಮಾಡಿಕೊಂಡು ಕೂತಳು.

"ಶುರು ಮಾಡೋಣ್ವಾ ಅಳಿಯಂದಿರೇ?"

"ನೀವು ಎಣಿಸಿ ಅತ್ತೆ."

ಆಕೆ ಎಣಿಸಿದಳು. ಇಬ್ಬರೂ ಒಟ್ಟಿಗೆ ತಂತಿ ಮೀಟಿದರು.