ಮುನಿನಾರಾಯಣಮ್ಮನ ಸಾಕ್ಷಿ

ಇಂಕು ಹತ್ತಿದ ಹೆಬ್ಬೆರಳನ್ನು ಕಾಗದದ ಹತ್ತಿರಕ್ಕೆ ತಂದ ಮುನಿನಾರಾಯಣಮ್ಮ ಅಲ್ಲಿಗೇ ತಡೆದಳು.

"ಇದ್ರಾಗೆ ಏನು ಬರ್ದಿದ್ದೀರಾ ಸ್ವಾಮಿ?"

"ಎಲ್ಲರೂ ಹಾಕಿರೋದೇ ಕಣಮ್ಮ. ಒತ್ತು, ಇಂಕು ಒಣಗುತ್ತೆ," ಎಂದರು ರಾಮಚಂದ್ರಪ್ಪ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಗೂಡ್ಸ್ ಕ್ಲರ್ಕಾಗಿ ದುಡಿದು ನಿವೃತ್ತರಾದವರು ಅವರು. ಬಡಾವಣೆಯ ಯಾವ ಅರ್ಜಿಯಿದ್ದರೂ ಅವರ ದುಂಡು ಅಕ್ಷರದಲ್ಲೇ ಹೋಗಬೇಕು.

"ಒಸಿ ಓದಿ ಏಳಿ. ನಂಗೆ ಅಕ್ಷರ ಬರಾಕಿಲ್ಲ, ಕಿವಿ ಕೇಳ್ತೈತೆ."

ಜಗಲಿಯಲ್ಲಿ ಕೂತಿದ್ದ ನಾಲ್ಕಾರು ಜನ ನಕ್ಕರು. ರಾಮಚಂದ್ರಪ್ಪ ಕನ್ನಡಕ ಏರಿಸಿಕೊಂಡು ಓದತೊಡಗಿದರು. ಬಡಾವಣೆ ವಾಸದ ಮನೆಗಳಿಗೆಂದೇ ಗುರುತಾದದ್ದು, ಮಕ್ಕಳುಮರಿ ಓಡಾಡುವ ಜಾಗ, ಹೆಣ್ಣು ನೋಡಲು ಬರುವವರು ಬೀದಿಯ ತಿರುವಿನಿಂದಲೇ ಹಿಂತಿರುಗುತ್ತಾರೆ. ಇದೆಲ್ಲಕ್ಕೂ ಅವಳು ತಲೆಯಾಡಿಸಿದಳು. ಆಮೇಲೆ ಬಂತು: "ಸದರಿ ರೋಗಿಗಳು ಬಡಾವಣೆಯ ಕುಡಿಯುವ ನೀರಿನ ಬಾವಿಯಲ್ಲಿ ಹುಣ್ಣು ತೊಳೆಯುತ್ತಿರುವುದನ್ನು, ಹಾಲು ಕೊಡುವ ಮುನಿನಾರಾಯಣಮ್ಮ ಎಂಬುವವರು ಕಣ್ಣಾರೆ ನೋಡಿರುತ್ತಾರೆ."

"ನಾನ್ಯಾವಾಗ ನೋಡ್ದೆ?"

"ನೋಡಿದೀಯ ಅಂತ ಅಲ್ಲಮ್ಮ. ದಿನಾ ಎರಡು ಹೊತ್ತು ಆ ದಾರೀಲಿ ಓಡಾಡೋಳು ನೀನೊಬ್ಬಳೇ. ನಿನ್ನ ಹೆಸರಿದ್ರೆ ಅರ್ಜಿಗೆ ತೂಕ."

"ನಾನು ನೋಡ್ನಿಲ್ಲ ಸ್ವಾಮಿ," ಎಂದವಳು ಹೆಬ್ಬೆರಳನ್ನು ಜಗಲಿಯ ಕಲ್ಲುಕಂಬಕ್ಕೆ ಒರೆಸಿ, ಹಾಲಿನ ಕ್ಯಾನು ಎತ್ತಿಕೊಂಡು ಹೊರಟುಹೋದಳು.

ಬಡಾವಣೆಯ ಕೊನೆಯಲ್ಲಿ, ಕೆ.ಜಿ.ಎಫ್. ರಸ್ತೆಗೆ ತಾಗಿದಂತೆ, ಮಕ್ಕಳಿಲ್ಲದ ಡಾಕ್ಟರೊಬ್ಬರ ದೊಡ್ಡ ಹೆಂಚಿನ ಮನೆಯಿತ್ತು. ಸಾಯುವ ಮುಂಚೆ ಅವರು ಅದನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟಿದ್ದರು. ಕುಷ್ಠ ವಾಸಿಯಾದರೂ ಮನೆಯವರು ಸೇರಿಸಿಕೊಳ್ಳದ ಹದಿನೆಂಟು ಜನರನ್ನು ಟ್ರಸ್ಟಿನವರು ಅಲ್ಲಿಟ್ಟು ಕೈಕೆಲಸ ಕಲಿಸುತ್ತಿದ್ದರು. ಎಂಬತ್ತೈದನೇ ಇಸವಿಯ ದೀಪಾವಳಿ ಕಳೆದ ಮೇಲೆ ಬಂದವರು ಅವರು. ವಾಸದ ಜಾಗದಲ್ಲಿ ಪುನರ್ವಸತಿ ಕೇಂದ್ರ ನಡೆಯಬೇಕಾದರೆ ಭೂಬಳಕೆ ಬದಲಾಗಬೇಕಿತ್ತು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದುಕೊಡಬೇಕು, ಆಮೇಲೆ ವಿಚಾರಣೆ ನಡೆಯುತ್ತದೆ ಎಂದು ಪುರಸಭೆಯ ಗೋಡೆಗೆ ನೋಟೀಸು ಅಂಟಿಸಿದ್ದರು.

ಮುನಿನಾರಾಯಣಮ್ಮನಿಗೆ ಆ ಮನೆಯವರ ಮೇಲೆ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಹೆದರಿಕೆ. ಅವಳು ಚಿಕ್ಕವಳಿದ್ದಾಗ ದೊಡ್ಡಮ್ಮನೊಬ್ಬಳಿಗೆ 'ದೊಡ್ಡ ರೋಗ' ಬಂದು, ಊರಾಚೆ ಹೊಂಗೆಮರದ ಕೆಳಗೆ ಗುಡಿಸಲು ಹಾಕಿಕೊಟ್ಟಿದ್ದರು. ಮುದ್ದೆಯನ್ನು ಬಂಡೆಯ ಮೇಲಿಟ್ಟು, ತಿರುಗಿ ನೋಡದೆ ಓಡಿಬರುವುದು ಇವಳ ಕೆಲಸವಾಗಿತ್ತು. ಈಗಲೂ ಆ ಹೆಂಚಿನ ಮನೆಯ ಗೇಟು ಬಂತೆಂದರೆ ಸೆರಗನ್ನು ಮೂಗಿಗೆ ಒತ್ತಿಕೊಂಡು ರಸ್ತೆಯ ಆಚೆ ಅಂಚಿಗೆ ಸರಿಯುತ್ತಿದ್ದಳು.

ಸಂಜೆ ಗಂಡ ಕೋದಂಡಪ್ಪ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸಿ ಬರುವ ಹೊತ್ತಿಗೆ ಸುದ್ದಿ ಅವನಿಗೂ ಮುಟ್ಟಿತ್ತು.

"ಊರ ಉಸಾಬರಿ ನಿಂಗ್ಯಾಕಮ್ಮೀ? ಎಲ್ರೂ ಒತ್ತವ್ರೆ, ನೀನೂ ಒತ್ತಿ ಬಂದಿದ್ರೆ ಆಯ್ತಿರ್ನಿಲ್ವಾ?"

"ಉಸಾಬರಿ ನಂದಲ್ಲ. ನನ್ ಕಣ್ಣು ನೋಡ್ತು ಅಂತ ಬರ್ದವ್ರೆ. ಕಣ್ಣು ನಂದಲ್ವಾ?"

"ನಾಳೆಯಿಂದ ಆಲು ಬ್ಯಾಡ ಅಂದ್ರೆ?"

ಅವಳು ಎಮ್ಮೆಗೆ ಹಿಂಡಿ ಕಲಸಲು ಎದ್ದಳು.

ಹಾಗೆಯೇ ಆಯಿತು. ಮಾರನೆಯ ಬೆಳಿಗ್ಗೆ ಒಂಬತ್ತು ಮನೆಗಳಲ್ಲಿ ಆರು ಮನೆಯವರು ಪಾತ್ರೆ ಹಿಡಿದು ಹೊರಗೆ ಬರಲಿಲ್ಲ. "ಆಲು" ಎಂದು ಕೂಗಿ, ಸ್ವಲ್ಪ ಹೊತ್ತು ನಿಂತು, ಮುಂದಿನ ಮನೆಗೆ ನಡೆದಳು. ರಾಮಚಂದ್ರಪ್ಪನವರ ಹೆಂಡತಿ ವರಲಕ್ಷ್ಮಮ್ಮ ಮಾತ್ರ ಬಾಗಿಲಿಗೆ ಬಂದು, ಹೊಸಿಲ ರಂಗೋಲಿಯನ್ನೇ ನೋಡುತ್ತಾ, "ನಮ್ಮನೆಯವರು ಸ್ವಲ್ಪ ದಿನ ಬೇಡ ಅಂದವ್ರೆ ಮುನಿನಾರಾಯಣಮ್ಮ. ಬೇಜಾರು ಮಾಡ್ಕೋಬೇಡ. ನಮ್ಮ ಹುಡುಗೀನ ನೋಡೋಕೆ ಚಿಂತಾಮಣಿಯಿಂದ ಬರೋರಿದ್ರು. ಈ ಸಮಾಚಾರ ಕೇಳಿ ಬರಲೇ ಇಲ್ಲ," ಎಂದಳು. ಆ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಮುನಿನಾರಾಯಣಮ್ಮನಿಗೆ ಹೆಚ್ಚು ಸಂಕಟವಾಯಿತು.

ಉಳಿದ ಹಾಲನ್ನು ಡೈರಿಗೆ ಹಾಕಲು ಒಂದೂವರೆ ಮೈಲಿ ನಡೆಯಬೇಕು. ಹಾಗೆ ಹೊರಟಿದ್ದವಳನ್ನು ಮೂರನೆಯ ದಿನ ಹೆಂಚಿನ ಮನೆಯ ಗೇಟಿನೊಳಗಿಂದ ಯಾರೋ ಕರೆದರು.

"ಅಮ್ಮಾ, ಒರು ನಿಮಿಷ."

ಕರೆದವನು ಕೆ.ಜಿ.ಎಫ್.ನ ಉರಿಗಾಂ ಕಡೆಯ ಆರುಮುಗಂ. ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದವನು. ಕೈಬೆರಳುಗಳು ಮೊದಲ ಗೆಣ್ಣಿಗೇ ಮುಗಿದಿದ್ದವು. ಗೇಟಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತು ಮಾತಾಡಿದ.

"ಪಾಲು... ಹಾಲು ಮಿಗುತ್ತೆ ಅಂತ ಕೇಳ್ದೆ. ನಾವು ಹದಿನೆಂಟು ಜನ ಇದೀವಿ. ಇಲ್ಲಿಗೇ ಕೊಡಿ."

ಕ್ಯಾನು ಇನ್ನೂ ಭಾರವಾಗಿತ್ತು. ಬಿಸಿಲು ಏರುತ್ತಿತ್ತು. ಅವಳು ಒಂದು ಕ್ಷಣ ಕ್ಯಾನಿನ ಕಡೆಗೇ ನೋಡಿದಳು.

"ಬ್ಯಾಡಪ್ಪ. ಈಗ ನಿಮ್ಗೆ ಆಲು ಕೊಟ್ರೆ, ಆಲಿನ ದುಡ್ಡಿನ ಆಸೆಗೆ ಅವ್ರ ಕಡೆ ಆದ್ಲು ಅಂತಾರೆ. ಆ ವಿಚಾರಣೆ ಮುಗೀಲಿ."

"ಸರಿ ಅಮ್ಮಾ."

ಹೊರಡಲು ತಿರುಗಿದವಳು ನಿಂತಳು. "ಸುಳ್ಳು ಏಳಾಕಿಲ್ಲ, ನಂಗೂ ನಿಮ್ನ ಕಂಡ್ರೆ ಭಯಾನೇ."

"ತೆರಿಯುಂ ಅಮ್ಮಾ. ಗೊತ್ತು," ಎಂದು ಆರುಮುಗಂ ನಕ್ಕ. "ದಿನಾ ಆ ಅಂಚಿಗೆ ಹೋಗ್ತೀರಲ್ಲ, ಅಲ್ಲಿ ಮುಳ್ಳು ಜಾಸ್ತಿ. ನೋಡ್ಕೊಂಡು ನಡೀರಿ."

ವಿಚಾರಣೆಗೆ ಎರಡು ದಿನವಿದೆ ಎನ್ನುವಾಗ ಕೋದಂಡಪ್ಪ ಇನ್ನೊಂದು ಸುದ್ದಿ ತಂದ. ಅರ್ಜಿ ಪುರಸಭೆಗೆ ಸೇರಿದೆ, ಬಾವಿಯ ಮಾತು ಹಾಗೇ ಉಳಿದಿದೆ. ಮುನಿನಾರಾಯಣಮ್ಮ ಎಂಬ ಹೆಸರು ಹೊಡೆದು 'ಹಾಲು ಕೊಡುವ ಹೆಂಗಸೊಬ್ಬರು' ಎಂದು ಬರೆದಿದ್ದಾರೆ.

"ಆ ಬೀದೀಲಿ ಆಲು ಕೊಡೋಳು ಇನ್ಯಾರವ್ಳೆ?" ಎಂದಳು ಅವಳು.

ಕೋದಂಡಪ್ಪ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಹೊಸಕಿದ. "ಬುಧವಾರ ಕೆಲಸಕ್ಕೆ ಓಗಾಕಿಲ್ಲ. ನಾನೂ ನಿನ್ ಜೊತೆ ಬತ್ತೀನಿ," ಎಂದ.

ಪುರಸಭೆಯ ಹಾಲ್ ತುಂಬಿಹೋಗಿತ್ತು. ಕೋಲಾರದಿಂದ ಬಂದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು. ಬೆವರು ಒರೆಸಿಕೊಳ್ಳುತ್ತಾ ಒಂದೊಂದೇ ಕಾಗದ ತಿರುವಿ ಹಾಕುತ್ತಿದ್ದರು. ಟ್ರಸ್ಟಿನವರು ಕೊಟ್ಟ ಡಾಕ್ಟರ ಪ್ರಮಾಣಪತ್ರವನ್ನು ಅವರು ಗಟ್ಟಿಯಾಗಿ ಓದಿದರು. ಹದಿನೆಂಟು ಜನರಲ್ಲಿ ಯಾರಿಂದಲೂ ರೋಗ ಹರಡುವುದಿಲ್ಲ ಎಂದಿತ್ತು ಅದರಲ್ಲಿ. ಯಾರೋ ಹಿಂದಿನಿಂದ, "ಹಾಗಾದ್ರೆ ಆ ಡಾಕ್ಟರ ಮನೆ ಪಕ್ಕದಲ್ಲೇ ಇಟ್ಕೊಳ್ಳಲಿ," ಎಂದರು. ನಗು ಎದ್ದಿತು. ಕೇಂದ್ರದ ಕಡೆಯಿಂದ ಬಂದಿದ್ದ ಆರುಮುಗಂ ಬಾಗಿಲಾಚೆ, ವರಾಂಡದಲ್ಲೇ ನಿಂತಿದ್ದ. ಒಳಗೆ ಬಾ ಎಂದವರಿರಲಿಲ್ಲ.

ಅಧಿಕಾರಿ ಅರ್ಜಿಯ ಬಾವಿಯ ಸಾಲಿಗೆ ಬಂದರು. "ಇದು ಗಂಭೀರವಾದ ವಿಷಯ. ಹಾಲು ಕೊಡುವ ಹೆಂಗಸು ಅಂತ ಬರೆದಿದ್ದೀರಿ. ಯಾರದು?"

ಕೆಲವರು ಹಿಂದಕ್ಕೆ ತಿರುಗಿ ನೋಡಿದರು. ಹಿಂದಿನ ಗೋಡೆಯ ಹತ್ತಿರ ನಿಂತಿದ್ದ ಮುನಿನಾರಾಯಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಷ್ಟು ಜನರ ಮುಂದೆ ಅವಳು ಹುಟ್ಟಿದಾಗಿನಿಂದ ಮಾತಾಡಿದವಳಲ್ಲ.

"ನಾನೇ ಸ್ವಾಮಿ."

"ಮುಂದೆ ಬನ್ನಿ ಅಮ್ಮ. ನೋಡಿದ್ದು ಹೇಳಿ."

"ಅವ್ರು ಬಂದಾಗಿಂದ ದಿನಕ್ಕೆರಡು ಸಲ ಆ ಬಾವಿ ಪಕ್ಕದಾಗೇ ಓಗ್ತೀನಿ. ಒಬ್ರೂ ಇಳ್ದಿಲ್ಲ, ಒಬ್ರೂ ತೊಳ್ದಿಲ್ಲ. ಅವ್ರಿಗೆ ಒಳಗೇ ಬೋರಿಂಗ್ ಐತೆ. ಒಂದೇ ಒಂದು ದಿನ, ಅದು ಕೆಟ್ಟೋಗಿತ್ತೋ ಏನೋ, ಮುದುಕಪ್ಪ ಒಬ್ಬ ಚೊಂಬು ಇಡ್ಕೊಂಡು ಬಂದು ದೂರದಾಗೇ ನಿಂತಿದ್ದ. ಯಾರಾದ್ರೂ ಸೇದಿ ಉಯ್ತಾರಾ ಅಂತ." ಅವಳು ವರಾಂಡದ ಕಡೆ ನೋಡಿದಳು. "ನಾನೂ ಅಲ್ಲೇ ಇದ್ದೆ ಸ್ವಾಮಿ. ನಾನೂ ಉಯ್ನಿಲ್ಲ. ಸೆರಗು ಮುಚ್ಕೊಂಡು ಓದೆ. ಅವ ಬರೀ ಚೊಂಬು ಇಡ್ಕೊಂಡು ವಾಪಸ್ ಓದ."

ಅಧಿಕಾರಿ ಅದನ್ನು ಬರೆದುಕೊಂಡರು.

"ಏನು ಕೊಟ್ರು ಅವರು ನಿಂಗೆ?" ಎಂದು ಯಾರೋ ಕೂಗಿದರು.

ಕೋದಂಡಪ್ಪ ಆ ಕಡೆ ನುಗ್ಗಲು ಹೋದ. ಅವಳು ಕೈ ಅಡ್ಡ ಹಿಡಿದಳು. "ಆಲು ಕೇಳಿದ್ರು. ಕೊಡ್ನಿಲ್ಲ. ವರಾಂಡದಾಗೆ ನಿಂತವ್ನೆ, ಬೇಕಾದ್ರೆ ಕೇಳಿ."

"ಹಾಗಾದರೆ ಅವರು ಅಲ್ಲಿರೋದು ನಿಮಗೆ ಒಪ್ಪಿಗೆಯಾ?" ಎಂದರು ಅಧಿಕಾರಿ.

"ನಂಗೂ ಭಯ ಐತೆ ಸ್ವಾಮಿ. ಒಪ್ಪಿಗೆನಾ ಅಂದ್ರೆ ಏನೇಳಲಿ? ನೋಡ್ದೇ ಇರೋದ್ನ ನೋಡ್ದೆ ಅನ್ನಾಕಿಲ್ಲ. ಅಷ್ಟೇ."

ಅಧಿಕಾರಿ ರಾಮಚಂದ್ರಪ್ಪನವರತ್ತ ತಿರುಗಿದರು. "ಬರೆದವರು ನೀವು. ನೀವಾದರೂ ನೋಡಿದ್ದೀರಾ?"

ರಾಮಚಂದ್ರಪ್ಪ ನಿಧಾನವಾಗಿ ಎದ್ದರು. ಅಕ್ಕಪಕ್ಕದವರು "ಹೂಂ ಅನ್ನಿ" ಎಂದು ಪಿಸುಗುಟ್ಟುತ್ತಿದ್ದರು. ಅವರು ಮೊದಲು ಅರ್ಜಿಯನ್ನು, ಆಮೇಲೆ ಮುನಿನಾರಾಯಣಮ್ಮನನ್ನು ನೋಡಿದರು. ನಂತರ ಮುಂದೆ ಹೋಗಿ, ಜೇಬಿನಿಂದ ಪೆನ್ನು ತೆಗೆದು, ಆ ಎರಡು ಸಾಲುಗಳ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು.

"ಇಲ್ಲ ಸಾರ್, ನೋಡಿಲ್ಲ. ಉಳಿದದ್ದೆಲ್ಲ ನಮ್ಮ ಭಯ. ಅದು ಸುಳ್ಳಲ್ಲ, ಅದು ಇರಲಿ."

ಹೊರಗೆ ಬಂದಾಗ ಅವರ ಜೊತೆ ಯಾರೂ ಬರಲಿಲ್ಲ. ಮೆಟ್ಟಿಲ ಮೇಲೆ ಒಬ್ಬರೇ ನಿಂತು ಕೊಡೆ ಬಿಡಿಸುತ್ತಿದ್ದವರು, ಮುನಿನಾರಾಯಣಮ್ಮ ಹತ್ತಿರ ಬಂದಾಗ, "ಮನೇಲಿ ಕಾಫಿ ರುಚಿ ಕೆಟ್ಟುಹೋಗಿದೆ ಕಣಮ್ಮ. ನಾಳೆ ಬೆಳಿಗ್ಗೆ ಬಾ," ಎಂದು ಹೇಳಿ ಇಳಿದುಹೋದರು.

ಎರಡು ತಿಂಗಳಿಗೆ ಆದೇಶ ಬಂತು. ಜಾಗದ ಬಳಕೆ ಬದಲಾಗಿತ್ತು. ಸುತ್ತ ಕಾಂಪೌಂಡ್ ಕಟ್ಟಬೇಕು, ನೀರು ಪ್ರತ್ಯೇಕವಿರಬೇಕು ಎಂಬ ಷರತ್ತುಗಳಿದ್ದವು. ಬಡಾವಣೆಯಲ್ಲಿ ಕೆಲವರು ಗೊಣಗಿದರು. ಇಬ್ಬರು ಮನೆ ಮಾರುವ ಮಾತಾಡಿ ಸುಮ್ಮನಾದರು. ಮೂರು ಮನೆಯವರು ಮುನಿನಾರಾಯಣಮ್ಮನಿಂದ ಮತ್ತೆಂದೂ ಹಾಲು ಕೊಳ್ಳಲಿಲ್ಲ. ಅವಳೂ ಆ ಬಾಗಿಲುಗಳ ಮುಂದೆ ಕೂಗಲು ಹೋಗಲಿಲ್ಲ.

ಆದೇಶ ಬಂದ ಮಾರನೆಯ ದಿನ ಅವಳು ಹೆಂಚಿನ ಮನೆಯ ಗೇಟು ತಳ್ಳಿಕೊಂಡು ಒಳಗೆ ಹೋದಳು. ಒಂದೆಡೆ ಮಗ್ಗದ ಸದ್ದು, ಇನ್ನೊಂದೆಡೆ ಕಪ್ಪು ರಬ್ಬರಿನ ಹಾಳೆಗಳ ರಾಶಿ. ಸ್ಪರ್ಶ ಸತ್ತ ಕಾಲುಗಳಿಗೆ ಮೆತ್ತನೆಯ ಚಪ್ಪಲಿ ಮಾಡುವ ಕೆಲಸ ಅಲ್ಲಿ ನಡೆದಿತ್ತು. ಹಾಲು ಅಳೆದು ಕೊಟ್ಟಾಗ ಆರುಮುಗಂ ಅವಳ ಬರಿಗಾಲನ್ನು ನೋಡಿ, ನೆಲದ ಮೇಲೆ ಒಂದು ರಟ್ಟು ಹಾಸಿದ.

"ಇದರ ಮೇಲೆ ನಿಲ್ಲಿ ಅಮ್ಮಾ."

"ನಂಗ್ಯಾಕಪ್ಪಾ ಅದೆಲ್ಲ!"

"ನಿಲ್ಲಿ."

ಅವಳು ಬಲಗಾಲನ್ನು ಇಟ್ಟಳು. ಮುಂಗೈಗೆ ಬಟ್ಟೆಯಿಂದ ಕಟ್ಟಿಕೊಂಡಿದ್ದ ಪೆನ್ಸಿಲನ್ನು ಆರುಮುಗಂ ಕಿರುಬೆರಳಿನ ಪಕ್ಕದಿಂದ ಸುತ್ತಲೂ ಮೆಲ್ಲಗೆ ಎಳೆಯುತ್ತಾ ಬಂದ. ಅವನ ಮೊಂಡು ಬೆರಳು ಅವಳ ಹಿಮ್ಮಡಿಗೆ ತಾಗಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಪೆನ್ಸಿಲು ಅಂಗಾಲಿನ ಒಳಬಾಗಿಗೆ ಬಂದಾಗ ಕಚಗುಳಿಯಾಗಿ, ತಡೆಯಲಾರದೆ ನಕ್ಕುಬಿಟ್ಟಳು.

"ಇನ್ನೊಂದು," ಎಂದ ಆರುಮುಗಂ, ತಲೆಯೆತ್ತದೆ.

ಬೀಳದಂತೆ ಅವನ ಭುಜದ ಮೇಲೆ ಕೈಯೂರಿ, ಅವಳು ಎಡಗಾಲನ್ನು ರಟ್ಟಿನ ಮೇಲಿಟ್ಟಳು.