ಸುಬ್ಬಣ್ಣ ಮೇಷ್ಟರ ಪಿ.ಪಿ. ನಂಬರು

ಕೆ.ಆರ್. ಪೇಟೆಯ ನಿವೃತ್ತ ಹೆಡ್‌ಮಾಸ್ಟರು ಸುಬ್ಬಣ್ಣನವರ ಮೇಜಿನ ಮೇಲೆ ಆ ವಾರ ಎರಡು ಕಾಗದಗಳಿದ್ದವು. ಒಂದು ಟೆಲಿಫೋನ್ ಇಲಾಖೆಯದು: ಏಳು ವರ್ಷದ ಹಿಂದೆ ಸಲ್ಲಿಸಿದ ತಮ್ಮ ಅರ್ಜಿಗೆ ಸರದಿ ಬಂದಿದೆ, ಹದಿನೈದು ದಿನದೊಳಗೆ ಠೇವಣಿ ಕಟ್ಟತಕ್ಕದ್ದು. ಇನ್ನೊಂದು ಕೇಬಲ್ ಚಲುವರಾಜುವಿನ ಹಳದಿ ಕರಪತ್ರ: ಮೂವತ್ತೆರಡು ಚಾನೆಲ್ಲು, ಜೊತೆಗೆ ಅದೇ ಕಂಬಗಳ ಮೇಲೆ ಎಳೆದ ಇಂಟರ್‌ಕಾಮ್ ಫೋನು ಪುಕ್ಕಟೆ. ಕೇಬಲ್ ಹಾಕಿಸಿಕೊಂಡ ಮನೆಯವರು ಕೇಬಲ್ ಹಾಕಿಸಿಕೊಂಡ ಮನೆಯವರೊಡನೆ ಹಗಲೂ ರಾತ್ರಿಯೂ ಮಾತಾಡಬಹುದು. ಊರಿನ ಗಡಿ ದಾಟಿ ಮಾತ್ರ ಒಂದಕ್ಷರವೂ ಹೋಗದು.

ಎರಡನ್ನೂ ಹಾಕಿಸುವುದು ಪಿಂಚಣಿಯ ಮನೆಗೆ ಆಗುವ ಮಾತಲ್ಲ. ಮೇಷ್ಟರು ಹಾಳೆಯ ನಡುವೆ ಕೆಂಪು ಶಾಯಿಯ ಗೆರೆ ಎಳೆದು, ಆ ಕಡೆ ಅನುಕೂಲ, ಈ ಕಡೆ ಅನಾನುಕೂಲ ಬರೆಯತೊಡಗಿದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಗೆರೆ ಎಳೆಯದೆ ಯೋಚನೆ ಬರುವುದಿಲ್ಲ.

ಚಲುವರಾಜು ಅವರ ಹಳೆಯ ಶಿಷ್ಯ. ಕಿಕ್ಕೇರಿ ಕಡೆಯವನು. ಗೆರೆಯ ಯಾವ ಕಡೆ ತಾನಿದ್ದೇನೆಂದು ನೋಡಲು ಅವನೇ ಬಂದ.

“ಇನ್ನೊಂದೆರಡು ವರ್ಸ ತಡೀರಿ ಮೇಷ್ಟ್ರೇ, ಇದೇ ವೈರ್‌ನಾಗೆ ಇಂಟರ್‌ನೆಟ್ಟೂ ಬತ್ತದೆ.”

“ಅದು ಬಂದು ಏನು ಮಾಡುತ್ತಯ್ಯ?”

“ಪ್ರಪಂಚದಾಗಿರೋದೆಲ್ಲ ಮನೇಗೇ ಬಂದ್ಬುಡ್ತದೆ.”

“ಬಂದದ್ದನ್ನ ಎಲ್ಲಿ ಇಟ್ಕೊಳ್ಳೋದು? ನಿನ್ನ ತಲೇಲಿ ಹದಿಮೂರರ ಮಗ್ಗಿಗೇ ಜಾಗ ಇರಲಿಲ್ಲ.”

“ಅದೊಂದು ಬರ್ನಿಲ್ಲ ಬುಡಿ. ಅದ್ಕೇ ಕಂಬ ಅತ್ತಕ್ಕೆ ಬಂದೆ” ಎಂದು ಚಲುವರಾಜು ನಕ್ಕು ಹೋದ.

ಆದರೆ ಮೇಷ್ಟರ ಮನಸ್ಸು ಟೆಲಿಫೋನಿನ ಕಡೆಗೇ ವಾಲಿತ್ತು. ಅದಕ್ಕೆ ಕಾರಣ ಅವರ ಲೆಟರ್‌ಹೆಡ್ಡು. ಅದರಲ್ಲಿ ದೂರವಾಣಿ ಸಂಖ್ಯೆಯ ಮುಂದೆ ಆವರಣದೊಳಗೆ ‘ಪಿ.ಪಿ.’ ಎಂದು ಅಚ್ಚಾಗಿತ್ತು. ಆ ಅಕ್ಷರಗಳ ಪೂರ್ಣ ರೂಪ ಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನು ಇನ್ನೊಬ್ಬರ ಮನೆಯದು, ನಮ್ಮನ್ನು ಕರೆಸಬೇಕು ಎಂಬ ಅರ್ಥ ಎಲ್ಲರಿಗೂ ಗೊತ್ತಿತ್ತು. ಮೇಷ್ಟರ ಮಟ್ಟಿಗೆ ಆ ಇನ್ನೊಬ್ಬರೆಂದರೆ ಎರಡು ಬೀದಿ ಆಚೆಯ ಚಿಕ್ಕಬೋರಮ್ಮ. ನಾಲ್ಕು ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕುವ ಹೆಂಗಸು. ಮಗ ರವೀಂದ್ರ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿದ್ದ. ಆ ಮನೆಗೆ ಫೋನು ಬಂದೇ ಮೂರು ವರ್ಷವಾಗಿತ್ತು, ಚಲುವರಾಜುವಿನ ಕೇಬಲ್ಲೂ ಇತ್ತು. ದಾವಣಗೆರೆಯಲ್ಲಿರುವ ಮೇಷ್ಟರ ಮಗಳು ಅಪರ್ಣ ಪ್ರತಿ ಭಾನುವಾರ ಹತ್ತು ಗಂಟೆಗೆ ಬೂತಿನಿಂದ ಫೋನು ಮಾಡುತ್ತಿದ್ದುದು ಅಲ್ಲಿಗೇ. ಒಂಬತ್ತೂವರೆಗೇ ಮೇಷ್ಟರ ಹೆಂಡತಿ ಶಾರದಮ್ಮ ಸೀರೆ ಬದಲಿಸಿ ಹೊರಡುತ್ತಿದ್ದರು. ಬರುವಾಗ ಹನ್ನೊಂದೂವರೆ. “ಚೆನ್ನಾಗಿದ್ದಾಳಂತೆ” ಎಂಬುದಷ್ಟೇ ಮೇಷ್ಟರಿಗೆ ತಲುಪುವ ಸುದ್ದಿ.

ಮೇಷ್ಟರು ಮೇಜಿನ ಬಲ ಮೂಲೆಯನ್ನು ಖಾಲಿ ಮಾಡಿದ್ದರು. “ಹಲೋ, ಸುಬ್ಬಣ್ಣ ಮಾತಾಡ್ತಿರೋದು” ಎಂದು ಎರಡು ಸಲ ಹೇಳಿಯೂ ನೋಡಿದ್ದರು. ಎರಡನೆಯ ಸಲ ಶಾರದಮ್ಮ ಬಾಗಿಲಲ್ಲಿ ನಿಂತಿದ್ದರು.

“ಫೋನು ಯಾಕೆ ಈಗ?” ಎಂದರು ಆಕೆ.

“ಏಳು ವರ್ಷ ಕಾದಿದ್ದೀನಿ ಕಣೇ. ಇನ್ನು ಮೇಲೆ ನೀನು ಬಿಸಿಲಲ್ಲಿ ಎರಡು ಬೀದಿ ಸವೆಸಬೇಕಾಗಿಲ್ಲ.”

“ನನಗೇನು ಬಿಸಿಲು” ಎಂದು ಒಳಗೆ ಹೋದರು. ಖರ್ಚಿಗೆ ಹೆದರಿದ್ದಾಳೆ ಎಂದುಕೊಂಡು ಮೇಷ್ಟರು ಅನಾನುಕೂಲದ ಕಡೆ ‘ಬಾಡಿಗೆ’ ಎಂದು ಬರೆದರು.

ಠೇವಣಿಯ ಗಡುವಿಗೆ ಮುಂಚಿನ ಕಡೆಯ ಭಾನುವಾರ ಶಾರದಮ್ಮ ನಾಗಮಂಗಲದಲ್ಲಿದ್ದರು. ಅಕ್ಕ ಹಾಸಿಗೆ ಹಿಡಿದ ಸುದ್ದಿ ಬಂದು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಅಪರ್ಣಳಿಗೆ ತಿಳಿಸುವ ದಾರಿ ಇರಲಿಲ್ಲ. ಮೇಷ್ಟರೇ ಹೊರಟರು. ಜಗಲಿಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗೆ ಗಂಟೆ ಬಾರಿಸಿತು. ಚಿಕ್ಕಬೋರಮ್ಮ ಬಾಗಿಲಿಗೆ ಬೆನ್ನು ಮಾಡಿ ರಿಸೀವರು ಎತ್ತಿಕೊಂಡಳು.

“ಯಾರು, ಅಪರ್ಣವ್ವನಾ? ಅವ್ವ ಇನ್ನೂ ಬಂದಿಲ್ಲ ಕಣವ್ವ. ಅದಿರ್ಲಿ, ಆ ಮದ್ವೆ ಮನೆಯವ್ರ ರವಿಕೆ ಒಲ್ದು ಕೊಟ್ಯಾ?... ಇಪ್ಪತ್ತೂ ಒಬ್ಳೇನಾ! ನೋಡು ಮತ್ತೆ, ಸ್ಕೂಲು ಬುಟ್ಟಿದ್ದೇ ವಾಸಿಯಾಯ್ತು. ಆ ಸಂಬ್ಳಕ್ಕೆ ಗಂಟ್ಲು ಅರ್ಕೊಳ್ಳೋದು ಯಾರ್ಗ್ ಬೇಕು?... ಮೇಷ್ಟ್ರಿಗಾ? ನಾವ್ಯಾಕವ್ವಾ ಏಳಾನ?”

ತಿರುಗಿದಳು. ಜಗಲಿಯಲ್ಲಿ ಒಂದು ಚಪ್ಪಲಿ ಬಿಟ್ಟು ಒಂದು ಚಪ್ಪಲಿ ಮೆಟ್ಟಿ ಮೇಷ್ಟರು ನಿಂತಿದ್ದರು.

ದಾವಣಗೆರೆಯ ಆ ಶಾಲೆಯ ಕೆಲಸ ಅವರು ಮೂರು ಪತ್ರ ಬರೆದು ಕೊಡಿಸಿದ್ದು. ಮಗಳೂ ಮೇಷ್ಟರೇ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡಿದ್ದು.

“ನಿಮ್ಮಪ್ಪಾರು ಬಂದವ್ರೆ ಕಣವ್ವ” ಎಂದು ಚಿಕ್ಕಬೋರಮ್ಮ ದನಿ ಇಳಿಸಿ ರಿಸೀವರನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟಳು.

“ಅಪ್ಪಾ? ಅಮ್ಮ ಬರಲಿಲ್ವಾ?”

“ನಾಗಮಂಗಲಕ್ಕೆ ಹೋಗಿದ್ದಾಳೆ. ದೊಡ್ಡಮ್ಮನಿಗೆ ಮೈ ಸರಿಯಿಲ್ಲ.” ಇನ್ನೇನು ಕೇಳಬೇಕೆಂದು ತೋಚದೆ ಯಾವಾಗಲೂ ಕೇಳುವುದನ್ನೇ ಕೇಳಿದರು. “ಸ್ಕೂಲು ಹೇಗೆ ನಡೀತಿದೆ?”



“ನಡೀತಿದೆ ಅಪ್ಪಾ.”

“ಆರೋಗ್ಯ ನೋಡ್ಕೋ.”

ಮಾತು ಮುಗಿಯಿತು. ಚಿಕ್ಕಬೋರಮ್ಮ ತಂದ ಕಾಫಿಯಲ್ಲಿ ಇನ್ನೂ ನೊರೆ ಇತ್ತು.

“ಅಷ್ಟೇನಾ ಮೇಷ್ಟ್ರೇ? ಅಮ್ಮಾವ್ರಾದ್ರೆ ಇದು ತಣ್ಣಗಾಗೋಗಂಟ ಮಾತಾಡ್ತಾರೆ. ನಗ್ತಾರೆ, ಒಂದೊಂದ್ಸಲ ಅಳ್ತಾರೆ.” ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು: “ಮಗೀನ ಬಯ್ಬ್ಯಾಡಿ. ನಿಮ್ಗೆ ಏಳ್ಬೇಕು ಅಂತ್ಲೇ ಒಂದೊಳ್ಳೆ ದಿನ ನೋಡ್ತಾ ಅವ್ಳೆ.”

ಮನೆಗೆ ಬಂದು ಮೇಷ್ಟರು ಮೇಜಿನ ಮುಂದೆ ಕೂತರು. ಖಾಲಿ ಮೂಲೆಯಲ್ಲಿ ಫೋನನ್ನು ಕಲ್ಪಿಸಿಕೊಂಡರು. ಭಾನುವಾರ ಹತ್ತು ಗಂಟೆ. ಗಂಟೆ ಬಾರಿಸುತ್ತದೆ; ಕೈಗೆ ಹತ್ತಿರ ಇರುವವರು ತಾವು, ಎತ್ತುವವರೂ ತಾವು. ಸ್ಕೂಲು ಹೇಗೆ ನಡೀತಿದೆ? ನಡೀತಿದೆ. ಆಮೇಲೆ ರಿಸೀವರು ಶಾರದೆಗೆ. ತಾವು ಅಲ್ಲೇ ಪೇಪರು ಹಿಡಿದು ಕೂತಿರುತ್ತಾರೆ. ಆಕೆಯೂ ‘ಸರಿ’, ‘ಹೂಂ’, ‘ಆಗಲಿ’ ಎಂದು ಇಟ್ಟುಬಿಡುತ್ತಾಳೆ. ತಾಯಿ ಮಗಳು ನಗುವ ಜಾಗವೊಂದು ಪೇಟೆಯಲ್ಲಿ ಇತ್ತು. ಅದನ್ನು ಠೇವಣಿ ಕಟ್ಟಿ ಮುಚ್ಚಿಸಲು ಏಳು ವರ್ಷದಿಂದ ಸರದಿಯಲ್ಲಿ ನಿಂತಿದ್ದರು. ಇದನ್ನು ಗೆರೆಯ ಯಾವ ಕಡೆ ಬರೆಯಬೇಕೆಂದು ತಿಳಿಯಲಿಲ್ಲ. ಬರೆಯಲಿಲ್ಲ.

ಠೇವಣಿಯ ಗಡುವು ಮಂಗಳವಾರ ಕಳೆಯಿತು. ನಾಗಮಂಗಲದಿಂದ ಬಂದ ಶಾರದಮ್ಮನಿಗೆ ಮೇಷ್ಟರು ಹಾಳೆ ತೋರಿಸಿ, ಬಾಡಿಗೆ, ಕರೆಯ ದರ, ಮೂವತ್ತೆರಡು ಚಾನೆಲ್ಲು ಎಂದೆಲ್ಲ ವಿವರಿಸಿ, ಒಟ್ಟಿನ ಮೇಲೆ ಚಲುವರಾಜುವಿನದೇ ಲಾಭ ಎಂದರು. ಅಷ್ಟು ಉದ್ದದ ವಿವರಣೆಯನ್ನು ಆಕೆ ಪ್ರಶ್ನೆ ಕೇಳದೆ ಕೇಳಿದ್ದು ಅದೇ ಮೊದಲು.

ಚಲುವರಾಜು ವೈರು ಎಳೆದು, ಇಂಟರ್‌ಕಾಮು ಹಿಡಿದು ನಿಂತ. “ಇದ್ನ ನಿಮ್ಮ ಟೇಬಲ್ ಮ್ಯಾಲೆ ಇಕ್ಲಾ ಮೇಷ್ಟ್ರೇ?”

“ಅಡಿಗೆಮನೇಲಿ ಇಡಯ್ಯ.”

ಮುಂದಿನ ಭಾನುವಾರ ಒಂಬತ್ತೂ ಕಾಲಿಗೇ ಅಡಿಗೆಮನೆಯಲ್ಲಿ ಅದು ಕಿರುಗುಟ್ಟಿತು. ಆ ಕಡೆಯಿಂದ ಚಿಕ್ಕಬೋರಮ್ಮನ ದನಿ ಹಜಾರಕ್ಕೂ ಕೇಳುವಂತಿತ್ತು: “ಒಂಟ್ರಾ ಅಮ್ಮಾವ್ರೇ? ಕಾಫಿಗೆ ಇಕ್ಕಿವ್ನಿ.”

ಶಾರದಮ್ಮ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಹೊರಬಂದರು. ಮೇಷ್ಟರು ಟೀವಿಯ ಮುಂದೆ ಕೂತು, ಯಾವುದೋ ಚಾನೆಲ್ಲಿನಲ್ಲಿ ಯಾರೋ ಮೀನು ಹಿಡಿಯುವುದನ್ನು ಗಂಭೀರವಾಗಿ ನೋಡುತ್ತಿದ್ದರು. ಆಕೆ ಬಾಗಿಲು ದಾಟುವಾಗ, ಟೀವಿಯಿಂದ ಕಣ್ಣು ತೆಗೆಯದೆ ಹೇಳಿದರು:

“ಗಂಡಸರ ಜುಬ್ಬಾನೂ ಹೊಲೀತಾಳಾ ಅಂತ ಕೇಳು.”

ಶಾರದಮ್ಮ ಅಲ್ಲೇ ನಿಂತರು. ಯಾವಾಗ ಗೊತ್ತಾಯಿತು, ಯಾರು ಹೇಳಿದರು, ಯಾವುದನ್ನೂ ಕೇಳಲಿಲ್ಲ. “ಅಳತೆ ಕೇಳಿದ್ರೆ?” ಎಂದರು.

“ಅದನ್ನ ಮುಂದಿನ ವಾರ ನಾನೇ ಬಂದು ಹೇಳ್ತೀನಿ ಅನ್ನು” ಎಂದು ಮೇಷ್ಟರು ಟೀವಿಯ ದನಿ ಸ್ವಲ್ಪ ಏರಿಸಿದರು.