ಪ್ಯಾನಲ್ ಮೇಲಿನ ಒದ್ದೆ ಗೋಣಿ

ಗುಬ್ಬಿಯ ನಾರಿನ ಮಿಲ್ಲಿನ ಕರೆಂಟಿನ ಕೋಣೆಯಲ್ಲಿ ದಸ್ತಗೀರ್ ಸಾಬರು ಸತ್ತದ್ದು ಎಂಬತ್ತೆರಡರ ಬೇಸಿಗೆಯಲ್ಲಿ. ಮಧ್ಯಾಹ್ನವಾದರೆ ಪ್ಯಾನಲ್ ಬೋರ್ಡು ಕಾದು ಮೋಟರು ನಿಂತುಹೋಗುತ್ತಿತ್ತು. ಕುಡಿಯುವ ನೀರಿನ ಮಡಕೆಗೆ ಹೊದಿಸಿದಂತೆ ಅವರು ಆ ಕಬ್ಬಿಣದ ಪೆಟ್ಟಿಗೆಗೂ ಒದ್ದೆ ಗೋಣಿ ಹೊದಿಸುತ್ತಿದ್ದರು. ತಣ್ಣಗೇನೋ ಆಗುತ್ತಿತ್ತು. ಒಂದು ದಿನ ನೀರು ಒಳಗಿಳಿಯಿತು, ಅಷ್ಟೇ.

ಅವರ ಜಾಗಕ್ಕೆ ಬಂದವನು ಅವರ ಅಕ್ಕನ ಮಗ ಖುರ್ಷಿದ್ ಪಾಷಾ. ಮಾಮುವನ್ನು ಮಣ್ಣು ಮಾಡಿ ಬಂದವನೇ ತುಮಕೂರಿನಿಂದ ಸಣ್ಣ ಫ್ಯಾನು ತಂದು ಪೆಟ್ಟಿಗೆಯ ನೆತ್ತಿಗೆ ಕೂರಿಸಿದ. ಗಾಳಿ ಬರಲೆಂದು ಕೆಳಗೊಂದು ಕಿಂಡಿ ಕೊರೆದು, ಧೂಳು ಬರದಂತೆ ಅದಕ್ಕೆ ಬಟ್ಟೆ ಬಿಗಿದ. ಇನ್ನು ಯಾರಾದರೂ ಗೋಣಿಯ ಸುದ್ದಿ ಎತ್ತಿದರೆ ಕಾಲು ಮುರಿಯುತ್ತೇನೆ ಎಂದ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ! ಒಣ ಬಿದಿರುಕೋಲಿನಿಂದ ಎಳೆದು ಬಿಸಾಕಿದ. ಮಾರನೆಯ ದಿನವೂ ಇತ್ತು. ನಾರು ಹರಡುವ ಹನುಮಕ್ಕನ ಮೇಲೆ ಹರಿಹಾಯ್ದ.

“ನಾನ್ಯಾಕ್ ಹಾಕ್ಲಪ್ಪ? ಆ ಕೋಣೆ ಕಡೀಕೆ ಹೋಗೋಕೇ ನಂಗೆ ಭಯ,” ಎಂದಳು ಹನುಮಕ್ಕ. “ಸಾಬ್ರೇ ಬತ್ತವ್ರೇನೋ, ಕೇಳ್ನೋಡು.”

“ಸುಮ್ನಿರಕ್ಕ, ಬಾಯಿಗ್ ಬಂದಂಗ್ ಮಾತಾಡ್ಬೇಡ!”

ಬೈದನೇನೋ ಸರಿ, ಆದರೆ ಮಾಮುವನ್ನು ತಿಂದ ನೀರು ತನ್ನನ್ನೂ ತಿನ್ನದೆ ಬಿಡುವುದಿಲ್ಲ ಎಂಬ ಭಯ ಒಳಹೊಕ್ಕಿತು. ಮಿಲ್ಲಿನಲ್ಲಿದ್ದ ಗೋಣಿಗಳನ್ನೆಲ್ಲ ಸುಟ್ಟುಹಾಕಿದ. ಮಾರನೆಯ ಮಧ್ಯಾಹ್ನ ಊಟಕ್ಕೂ ಹೋಗದೆ, ಒಳಗಿನಿಂದ ಚಿಲಕ ಹಾಕಿಕೊಂಡು ಪೆಟ್ಟಿಗೆಯ ಎದುರೇ ಕುಳಿತ. ಅದು ಕಿಟಕಿಯಿಲ್ಲದ ಕೋಣೆ, ಬೆಳಕೆಂದರೆ ಸೂರಿನ ಗಾಜಿನ ಹೆಂಚಿನದಷ್ಟೇ. ಬೆವರು ಕಣ್ಣಿಗಿಳಿಯಿತು. ಒರೆಸಿಕೊಂಡು ಕಣ್ಣು ಬಿಟ್ಟರೆ ಗೋಣಿ ಅಲ್ಲಿತ್ತು. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಖುರ್ಷಿದ್ ಹಾರಿ ಮೇನ್ ಸ್ವಿಚ್ಚು ಎಳೆದ. ಮಿಲ್ಲಿನ ಸದ್ದು ನಿಂತಿತು.

“ನನ್ನೂ ಯಾಕ್ ಸಾಯ್ಸೋಕ್ ನೋಡ್ತೀರ ಮಾಮು? ಫ್ಯಾನ್ ಹಾಕಿದೀನಲ್ಲ, ಒಳಗೆ ಬಿಸೀನೇ ಇಲ್ಲ. ಬೇಕಾದ್ರೆ ನೋಡಿ!” ಎಂದು ಅಳುತ್ತಲೇ ಗೋಣಿ ಸರಿಸಿ ಪೆಟ್ಟಿಗೆಯ ಬಾಗಿಲು ತೆರೆದ.

ಒಲೆಯಂಥ ಝಳ ಮುಖಕ್ಕೆ ಹೊಡೆಯಿತು. ವೈರುಗಳ ಹೊದಿಕೆ ಕರಗಿ ಇಳಿಯತೊಡಗಿತ್ತು. ಕಿಂಡಿಯ ಬಟ್ಟೆಯಲ್ಲಿ ನಾರಿನ ಧೂಳು ರೊಟ್ಟಿಯಂತೆ ಗಟ್ಟಿಯಾಗಿತ್ತು. ಕಟ್ಟಿದ ದಿನದಿಂದ ಮಹಾರಾಯ ಅದನ್ನು ಒಮ್ಮೆಯೂ ಕೊಡವಿರಲಿಲ್ಲ! ಒಳಗೆ ಗಾಳಿಯೇ ಬರದೆ ಫ್ಯಾನು ಸುಮ್ಮನೆ ತಿರುಗಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬೆಂಕಿಯೇ. ಗೋಡೆಯಾಚೆ ನಾರಿನ ರಾಶಿಯ ನೆರಳಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಕುಳಿತಿದ್ದರು.

ಬಟ್ಟೆ ಬಿಚ್ಚಿ ಕೊಡವಿದ. ಒಳಗಿನ ಧೂಳನ್ನು ಬ್ರಷ್ಷಿನಿಂದ ಗುಡಿಸಿ ತೆಗೆದ. ಬಿಸಿ ಆರುವ ತನಕ ಕಾದು, ಅಂಗೈಯಿಟ್ಟು ನೋಡಿದ.

“ತಣ್ಣಗಾಯ್ತು ಮಾಮು,” ಎಂದ.

ಬೆನ್ನ ಹಿಂದೆ, ಆ ಚಿಲಕ ಹಾಕಿದ ಕೋಣೆಯಲ್ಲಿ, ಯಾರೋ ಉಸ್ಸಪ್ಪಾ ಎಂದು ನೆಲಕ್ಕೆ ಕುಳಿತ ಸದ್ದಾಯಿತು.

ಖುರ್ಷಿದ್ ತಿರುಗಲಿಲ್ಲ. ಧೈರ್ಯವಿರಲಿಲ್ಲ ಅನ್ನಿ. ಕುಡಿಯಲೆಂದು ಇಟ್ಟುಕೊಂಡಿದ್ದ ನೀರಿನ ಚೊಂಬನ್ನು ಮಾತ್ರ ಮೆಲ್ಲಗೆ ಹಿಂದಕ್ಕೆ ಸರಿಸಿದ.